ಕಡವಿನ ಗೇಟು

ಸೊಸೆ ಪುರಸಭೆಯ ಕೆಲಸಕ್ಕೆ ಸೇರಿದ ದಿನ ಅವಳನ್ನು ಕಡವಿನವರೆಗೆ ಕರೆದುಕೊಂಡು ಹೋದವರು ಮಾವನೇ. ಹೆಗಲ ಮೇಲೆ ದೋಣಿಯ ಹುಟ್ಟು, ಪಕ್ಕದಲ್ಲಿ ಸೊಸೆ. ದಾರಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ, "ನಮ್ಮ ಸೊಸೆ. ಇವತ್ತಿಂದ ಕಡವು ಇವಳ ಕೈಲಿ. ಇನ್ಮೇಲೆ ನಾನೂ ಇವಳನ್ನ ಕೇಳ್ಕೊಂಡೇ ನೀರಿಗಿಳೀಬೇಕು" ಎಂದು ನಗಾಡಿದ್ದರು.

ಆಗ ಅದು ನಗುವ ಮಾತೇ ಆಗಿತ್ತು. ದೋಣಿಗಳು ಬಂದು ನಿಲ್ಲುವ ಆ ಕಡವಿನಲ್ಲಿ ಅವಳಿಗಿದ್ದ ಕೆಲಸವೆಂದರೆ ಮೆಟ್ಟಿಲು ಗುಡಿಸುವುದು, ಶೌಚಾಲಯದ ಬೀಗದ ಕೈ ಇಟ್ಟುಕೊಳ್ಳುವುದು, ಸಂಜೆ ಗಾಳಿಗೆ ಬಂದವರು ಎಸೆದುಹೋದ ಬಾಟಲಿ ಹೆಕ್ಕುವುದು. ಮಾವ ಅದೇ ಮೆಟ್ಟಿಲ ಬುಡದಿಂದ ತಮ್ಮ ಮರದ ದೋಣಿಯನ್ನು ಹೊಳೆಯ ಆಚೆ ದಡಕ್ಕೆ ಒಯ್ದು ತರುತ್ತಿದ್ದರು. ಬೆಳಕು ಹರಿಯುವ ಮೊದಲೇ ಆಚೆಯಿಂದ ತರಕಾರಿ ಹೆಂಗಸರು, ಆಮೇಲೆ ಈಚೆಯಿಂದ ಇಟ್ಟಿಗೆ ಭಟ್ಟಿಯ ಕೂಲಿಗಳು, ನಡುನಡುವೆ ಯಾರಾದರೂ ಸೈಕಲ್ಲಿನವರು. ಮಧ್ಯಾಹ್ನ ಮಾವ ಸೊಸೆ ಇಬ್ಬರೂ ಮೆಟ್ಟಿಲ ನೆರಳಲ್ಲಿ ಕೂತು ಅತ್ತೆ ಕಟ್ಟಿಕೊಟ್ಟ ಬುತ್ತಿ ಬಿಚ್ಚುತ್ತಿದ್ದರು. ತಮ್ಮ ಪಾಲಿನ ಮೊಟ್ಟೆಯಲ್ಲಿ ಅರ್ಧ ಮುರಿದು ಅವಳ ಅನ್ನದ ಮೇಲಿಟ್ಟು, "ತಿನ್ನು, ಸರ್ಕಾರಿ ಕೆಲಸ ಮಾಡೋರು ಗಟ್ಟಿಯಾಗಿರ್ಬೇಕು" ಎನ್ನುತ್ತಿದ್ದರು.

ಕಾನೂನು ಬಂದದ್ದು ಹೊಳೆಯ ಮೇಲಿನ ಊರೊಂದರಲ್ಲಿ ಜನ ತುಂಬಿದ ದೋಣಿ ಮಗುಚಿದ ಮೇಲೆ. ಸತ್ತವರಲ್ಲಿ ಎರಡು ಹಸುಗೂಸುಗಳಿದ್ದವು. ಅದಾಗಿ ಕೆಲವು ವಾರಕ್ಕೆ ಪುರಸಭೆಯವರು ಕಡವಿನ ಸುತ್ತ ಕಬ್ಬಿಣದ ಬೇಲಿ ನಿಲ್ಲಿಸಿದರು, ನಡುವೆ ಒಂದು ಗೇಟು ಇಟ್ಟರು. ಇನ್ನು ದೋಣಿಗಳು ಇಲ್ಲಿಂದಲ್ಲದೆ ಬೇರೆಲ್ಲೂ ನೀರಿಗಿಳಿಯುವಂತಿಲ್ಲ. ಪರೀಕ್ಷೆ ಮಾಡಿಸಿ ನಂಬರು ಬರೆಸಿಕೊಳ್ಳದ ದೋಣಿಗೆ ಪ್ರವೇಶವಿಲ್ಲ. ಕೂತವರೆಲ್ಲ ಲೈಫ್ ಜಾಕೆಟ್ ಹಾಕಬೇಕು. ಗೇಟು ತೆಗೆಯುವುದು ಬೆಳಗ್ಗೆ ಏಳಕ್ಕೆ, ಮುಚ್ಚುವುದು ಸಂಜೆ ಆರಕ್ಕೆ. ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಸೊಸೆಯ ಕೊರಳಿಗೆ ಹಾಕಿದ ಸೂಪರ್‌ವೈಸರು, ಜೊತೆಗೊಂದು ಸೀಟಿಯನ್ನೂ ಕೊಟ್ಟು, "ನಿನ್ ಮೇಲೆ ನಂಬಿಕೆ ಇಟ್ಟು ಕೊಡ್ತಿದೀನಮ್ಮ" ಎಂದ.

ಅವಳಿಗೆ ಆ ಕಾನೂನು ತಪ್ಪು ಅನ್ನಿಸಲಿಲ್ಲ. ಮಾವನ ದೋಣಿಯಲ್ಲಿ ಕೂತಾಗಲೆಲ್ಲ ಡಬ್ಬದಿಂದ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲಿದವಳು ಅವಳು.

ಪರೀಕ್ಷೆಗೆ ಬಂದ ಎಂಜಿನಿಯರು ಆ ದೋಣಿಯ ತಳಕ್ಕೆ ಸ್ಕ್ರೂಡ್ರೈವರ್ ಒತ್ತಿದ. ಅದು ಮೆತ್ತಗಿನ ಬ್ರೆಡ್ಡಿಗೆ ಹೋದ ಹಾಗೆ ಒಳಗೆ ಹೋಯಿತು. ಅವನು ಮಾವನ ಮುಖ ನೋಡಿದ. ಮಾವ, "ಅದೊಂದು ಜಾಗ ಸ್ವಲ್ಪ ಮೆತ್ತಗಿದೆ ಸಾರ್" ಎಂದರು. ಅವನು ಇನ್ನೊಂದು ಜಾಗದಲ್ಲಿ ಒತ್ತಿದ, ಮತ್ತೊಂದರಲ್ಲಿ ಒತ್ತಿದ. ಆಮೇಲೆ ಒತ್ತಲಿಲ್ಲ.

ಪಕ್ಕದ ದೋಣಿ ಮಾವನ ಹಳೆಯ ಗೆಳೆಯನದು. ಕೂತಲ್ಲೇ ನಿದ್ದೆ ಹೋಗಿ ಹೊಳೆಯಾಚೆಗೆ ಕೇಳುವಷ್ಟು ಸದ್ದು ಮಾಡುತ್ತಿದ್ದ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗೊರಕೆ ಎಂದೇ. ಅವನ ದೋಣಿ ಹೊಸದು. ಅದಕ್ಕೆ ನಂಬರು ಸಿಕ್ಕಿತು.

ಮಾರನೆಯ ದಿನ ಏಳಕ್ಕೆ ಅವಳು ಗೇಟು ತೆಗೆದಾಗ ಸಾಲಿನಲ್ಲಿ ಮೊದಲು ನಿಂತಿದ್ದವರು ಮಾವ. ಹೆಗಲ ಮೇಲೆ ಹುಟ್ಟಿತ್ತು. ಹಿಂದೆ ಹತ್ತು ಹದಿನೈದು ಜನ.

"ಸರಿ, ದಾರಿ ಬಿಡು" ಎಂದರು.

"ಮಾವ, ನಂಬರಿಲ್ಲ."

"ಗೊತ್ತು. ದಾರಿ ಬಿಡು."

"ಬಿಟ್ರೆ ನನ್ನ ಕೇಳ್ತಾರೆ ಮಾವ. ಮನೇಲಿ ಮಾತಾಡೋಣ."

"ಮನೇಲಿ ಏನ್ ಮಾತಾಡೋದು? ಮನೇಲಿ ಹೊಳೆ ಇದೆಯಾ?"

ಹಿಂದಿದ್ದವರು ಕಿಸಕ್ಕೆಂದರು. ಮಾವ ಒಂದು ಹೆಜ್ಜೆ ಮುಂದಿಟ್ಟರು. ಅವಳಿಗೆ ಏನು ಮಾಡಬೇಕೆಂದು ತೋಚದೆ ಕೈ ತಾನಾಗಿ ಸೀಟಿಗೆ ಹೋಯಿತು. ಊದಿದಳು. ಅಷ್ಟು ಜೋರಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಮಾವ ಮುಖಕ್ಕೆ ಹೊಡೆಸಿಕೊಂಡವರ ಹಾಗೆ ನಿಂತರು. ಆಮೇಲೆ ತಿರುಗಿ, ಜನರನ್ನು ಸರಿಸಿಕೊಂಡು ಹೊರಟುಹೋದರು.

ಆ ದಿನದಿಂದ ಬೀದಿಯವರ ಬಾಯಲ್ಲಿ ಅವಳು ಸೀಟಿಯಮ್ಮ ಆದಳು. ಮನೆಯಲ್ಲಿ ಮಾವ ಅವಳು ಮಾಡಿದ ಅಡುಗೆ ಮುಟ್ಟುವುದು ಬಿಟ್ಟರು.

ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ. ಅವಳ ಗಂಡನಿಗೆ ಬೇಕರಿಯಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಮೈಯೆಲ್ಲ ಮೈದಾ ಮೆತ್ತಿಕೊಂಡು, ಹಿಂದಿನ ದಿನದ ಮಾರಾಟವಾಗದ ಬ್ರೆಡ್ಡು ಹಿಡಿದುಕೊಂಡು ಬರುತ್ತಿದ್ದ. ಬಂದವನು ಮಲಗಿದರೆ ಮನೆಯವರೆಲ್ಲ ಪಿಸುಮಾತಿನಲ್ಲಿರಬೇಕು. ಈಗ ಜಗಳವೂ ಪಿಸುಮಾತಿನಲ್ಲೇ ನಡೆಯತೊಡಗಿತು.

"ಆಲೂಗಡ್ಡೆ ಯಾರು ಬೇಯಿಸಿದ್ದು?" ತಟ್ಟೆಯ ಮುಂದೆ ಕೂತ ಮಾವ ಅತ್ತೆಯನ್ನು ಕೇಳುವರು.

"ಯಾರಾದ್ರೇನು, ಬೆಂದಿದೆ. ತಿನ್ನಿ."

"ಯಾರು ಅಂತ ಕೇಳ್ದೆ."

"ಒಲೆ ಬೇಯಿಸ್ತು! ಸಾಕಾ?"

ಮಾವ ತಟ್ಟೆ ಸರಿಸಿ ಎದ್ದುಬಿಡುವರು. ಅತ್ತೆ ಗೊಣಗುತ್ತಾ ಮತ್ತೆ ಒಲೆ ಹಚ್ಚುವರು. ಒಂದೇ ಮನೆಯಲ್ಲಿ ಎರಡು ಅಡುಗೆ. ಅತ್ತೆಯ ಬೆರಳ ಗಂಟುಗಳು ಊದಿಕೊಂಡಿದ್ದವು. ಚಾಕು ಹಿಡಿಯುವುದೇ ಕಷ್ಟ. ಸೊಸೆ ಈರುಳ್ಳಿ ಹೆಚ್ಚಿಕೊಡಲು ಹೋದರೆ, "ಬೇಡ ಕಣೇ, ನೀನು ಹೆಚ್ಚಿದ್ದು ಅಂತ ವಾಸನೆಯಲ್ಲೇ ಕಂಡುಹಿಡೀತಾರೆ, ನಾಯಿ ಮೂಗು ಅವರದ್ದು" ಎಂದು ಕೈ ತಳ್ಳುತ್ತಿದ್ದರು. ಆಮೇಲೆ ಇಬ್ಬರೂ ಸದ್ದಿಲ್ಲದೆ ನಗುತ್ತಿದ್ದರು. ನಗು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಒಳಕೋಣೆಯಿಂದ ಗಂಡ ಹೊದಿಕೆ ಕೊಡವಿಕೊಂಡು ಎದ್ದು ಬಂದ.

"ಅಪ್ಪಾ, ಏನ್ ನಿಂದು? ಅವಳೇನು ಕಾನೂನು ಬರೆದವಳಾ?"

"ನಾನು ಅವಳಿಗೇನೂ ಅಂದಿಲ್ಲ" ಎಂದರು ಮಾವ.

"ಅದೇ ಹೇಳ್ತಿರೋದು. ಏನಾದ್ರೂ ಅನ್ನು. ಬೈಯಿ. ಹಿಂಗೆ ಮುಖ ಊದಿಸ್ಕೊಂಡು ಕೂತ್ರೆ ಮನೆ ನಡಿಯತ್ತಾ? ಅವಳ ಸಂಬಳದಲ್ಲೇ ಬಾಡಿಗೆ ಕಟ್ತಿರೋದು."

"ಹಂಗಾದ್ರೆ ಅವಳನ್ನೇ ಕೂರಿಸ್ಕೊಂಡು ಊಟ ಹಾಕಿ. ಈ ಮನೇಲಿ ದುಡಿಯೋ ಗಂಡಸು ನಾನೊಬ್ಬನೇ ಇದ್ದ ಕಾಲ ಒಂದಿತ್ತು, ನೀನು ಮರ್ತ್ಬಿಟ್ಟೆ."

"ಮೆತ್ತಗೆ ಮಾತಾಡ್ರೋ" ಎಂದು ಅತ್ತೆ ಬಾಗಿಲು ಹಾಕಿದರು.

ಮಾವ ಬಿಡುವವರಲ್ಲ. ದೋಣಿಯನ್ನು ಬೇಲಿಯ ಹೊರಗೆ ಮಗುಚಿ ಹಾಕಿಕೊಂಡು, ಸಂದುಗಳಿಗೆ ಹತ್ತಿ ತುರುಕಿ, ಮೇಲೆ ಡಾಂಬರು ಬಳಿದರು. ಬೇಲಿಯ ಒಳಗೆ ಸೊಸೆ, ಹೊರಗೆ ಮಾವ. ದಿನವಿಡೀ ಡಾಂಬರಿನ ವಾಸನೆ ಅವಳ ಕಡೆಗೇ ಬೀಸುತ್ತಿತ್ತು. ಎಂಜಿನಿಯರು ಎರಡನೆಯ ಸಲ ಬಂದ. "ಅಜ್ಜಾ, ಬಣ್ಣ ಹೊಡೆದ್ರೆ ಮರ ಗಟ್ಟಿಯಾಗಲ್ಲ" ಎಂದು ಮೆಲ್ಲಗೆ ಹೇಳಿ ಹೋದ. ಅವನೇನೂ ಕೆಟ್ಟವನಾಗಿರಲಿಲ್ಲ.

ಅವತ್ತು ಮಾವ ಮನೆಗೆ ಬಂದು ಕೈಯ ಡಾಂಬರನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ತೊಳೆದರು. ಸೊಸೆ ಅಡುಗೆಮನೆಯ ನೆಲದ ಮೇಲೆ ಕೂತು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಅವರು ಬಾಗಿಲಲ್ಲಿ ಬಂದು ನಿಂತದ್ದು ಅವಳಿಗೆ ಸೀಮೆಎಣ್ಣೆಯ ವಾಸನೆಯಿಂದ ತಿಳಿಯಿತು.

"ಅಮ್ಮಾ" ಎಂದರು.

ಎಷ್ಟೋ ವಾರಗಳ ಮೇಲೆ ಕಿವಿಗೆ ಬಿದ್ದ ಮಾತು. ಅವಳ ಕೈಯ ಆಲೂಗಡ್ಡೆ ಹಾಗೇ ನಿಂತಿತು.

"ತರಕಾರಿ ಹೆಂಗಸರು ಹೇಳಿ ಕಳಿಸಿದಾರೆ. ಸೋಮವಾರದಿಂದ ಎಲ್ಲರೂ ಸೇರಿ ಸೇತುವೆ ದಾರೀಲಿ ಟೆಂಪೋ ಮಾಡ್ಕೊಳ್ತಾರಂತೆ. ಒಂದ್ಸಲ ಆ ಕಡೆ ಹೋದ್ರೆ ತಿರುಗಿ ಬರಲ್ಲ ಅವರು. ಏಳಕ್ಕೆ ಬಂದ್ರೆ ಮಾರ್ಕೆಟ್ ಮುಗಿದೇ ಹೋಗಿರತ್ತೆ, ಅವರ ತಪ್ಪೂ ಇಲ್ಲ."

ಅವಳು ಮತ್ತೆ ಸಿಪ್ಪೆ ತೆಗೆಯತೊಡಗಿದಳು.

"ನೀನು ಗೇಟು ತೆಗೀಬೇಡ. ತೆಗಿ ಅಂತ ನಾನು ಹೇಳಲ್ಲ. ಸಂಜೆ ಬೀಗ ಹಾಕೋದು ಯಾರಿಗಾದ್ರೂ ಮರೆಯತ್ತೆ. ಮನುಷ್ಯರು ತಾನೆ."

"ದೋಣಿ ಸೋರತ್ತೆ ಮಾವ."

"ಮೊದಲಿಂದ ಸೋರ್ತಿದೆ. ಯಾರು ಮುಳುಗಿದಾರೆ?" ಎಂದವರು, ಕೈ ನೋಡಿಕೊಳ್ಳುತ್ತಾ, "ಮನೇಲಿ ಕೂತು ನಿಮ್ಮತ್ತೆ ಮಾಡಿದ್ದು ತಿಂತಾ ಇದ್ರೆ ನಂಗೆ ಹುಚ್ಚು ಹಿಡಿಯತ್ತೆ ಕಣಮ್ಮ" ಎಂದರು.

ಅವರ ಬೆರಳ ಉಗುರುಗಳ ಸಂದಿನಲ್ಲಿ ಡಾಂಬರು ಇನ್ನೂ ಕಪ್ಪಗೆ ಉಳಿದಿತ್ತು. ಸೊಸೆ ತಲೆಯೆತ್ತದೆ ಕೇಳಿದಳು, "ಊಟ ಇಲ್ಲೇ ಮಾಡ್ತೀರಾ? ಇದನ್ನೇ ಬೇಯಿಸ್ತೀನಿ."

"ಬೇಯಿಸು."

ಹಾಗೆ ಭಾನುವಾರ ಸಂಜೆ ಅವಳು ಬೀಗ ಹಾಕುವುದನ್ನು ಮರೆತಳು. ಸೋಮವಾರವೂ ಮರೆತಳು.

ಆ ದಿನಗಳಲ್ಲಿ ಮನೆಗೆ ಮತ್ತೆ ಉಸಿರು ಬಂದಿತು. ಮಾವ ಹೆಂಗಸರು ಕೊಟ್ಟ ಬೀನ್ಸು, ಸೊಪ್ಪು, ಒಮ್ಮೊಮ್ಮೆ ಒಡೆದ ಕುಂಬಳಕಾಯಿ ತರುತ್ತಿದ್ದರು. ಅತ್ತೆಗೆ ಒಂದೇ ಅಡುಗೆ. ಬೇಕರಿಯಿಂದ ಬಂದ ಗಂಡನೂ ನಿದ್ದೆ ಕೆಡಿಸಿಕೊಂಡು ಎಲ್ಲರ ಜೊತೆ ಟೀಗೆ ಕೂರುತ್ತಿದ್ದ. "ಏನಪ್ಪಾ, ಈಗ ಆಲೂಗಡ್ಡೆ ಯಾರು ಬೇಯಿಸಿದ್ದು ಅಂತ ಕೇಳಲ್ವಾ?" ಎಂದು ಅವನು ಕೆಣಕಿದರೆ ಮಾವ, "ಒಲೆ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಸೊಸೆಗೆ ಮಾತ್ರ ನಗುವಾಗಲೂ ದೋಣಿಯ ತಳದ್ದೇ ಯೋಚನೆ. ಬೆಳಗಿನ ಜಾವ ಬೇಗ ಎದ್ದು ಕಡವಿಗೆ ಹೋಗಿ ಬೇಲಿ ಹಿಡಿದು ನಿಲ್ಲುವಳು. ನಸುಕಿನಲ್ಲಿ ಆಚೆಯಿಂದ ದೋಣಿ ಬರುವುದು ಕಾಣುತ್ತಿತ್ತು. ಹೆಂಗಸರು, ಮೂಟೆಗಳು, ನೀರಿನಿಂದ ಒಂದು ಗೇಣು ಮೇಲಿರುವ ಅಂಚು. ಅದು ದಡ ಮುಟ್ಟುವವರೆಗೆ ಬೇಲಿ ಬಿಡುತ್ತಿರಲಿಲ್ಲ. ಕಡವಿನ ಶೆಡ್ಡಿನಿಂದ ಲೈಫ್ ಜಾಕೆಟ್ ತೆಗೆದುಕೊಟ್ಟಳು. ಹೆಂಗಸರು ಅವನ್ನು ಮಡಚಿ ಕೆಳಗಿಟ್ಟುಕೊಂಡು ಮೇಲೆ ಕೂತರು. "ಮೆತ್ತಗಿದೆ ಕಣಮ್ಮ, ಸೊಂಟಕ್ಕೆ ಹಿತ" ಎಂದರು.

ಒಂದು ಬೆಳಗ್ಗೆ ಗೇಟಿನ ಬಳಿ ಗೊರಕೆ ನಿಂತಿದ್ದ. ಮಾವ ಆಗಲೇ ಆಚೆ ದಡಕ್ಕೆ ಹೋಗಿದ್ದರು. ಗೊರಕೆ ಹೊಳೆಯನ್ನು ನೋಡಿದ, ಬೀಗವಿಲ್ಲದ ಚಿಲಕವನ್ನು ನೋಡಿದ, ಸೊಸೆಯನ್ನು ನೋಡಿದ.

"ನಾನೂ ಇಳಿಸ್ಲಾ ದೋಣೀನ?"

"ಏಳಕ್ಕೆ ಬನ್ನಿ ಮಾಮ."

"ಅವನು?"

ಅವಳು ಹೊಳೆಯ ಕಡೆ ತಿರುಗಿದಳು.

"ನನ್ನ ದೋಣಿಗೆ ನಂಬರಿದೆ. ದುಡ್ಡು ಕಟ್ಟಿ ಬರೆಸಿದೀನಿ. ನಾನು ಏಳಕ್ಕೆ ಬರ್ಬೇಕು. ನಂಬರಿಲ್ಲದ ದೋಣಿ ಕತ್ತಲಲ್ಲೇ ಹೋಗಿ ನನ್ನ ಗಿರಾಕಿಗಳನ್ನ ಹತ್ತಿಸ್ಕೊಂಡು ಬರತ್ತೆ. ಇದು ಯಾವ ಸೀಮೆ ನ್ಯಾಯ ತಾಯಿ?"

"ನಿಮ್ಮನ್ನ ಬಿಟ್ರೆ ಎಲ್ಲರನ್ನೂ ಬಿಡ್ಬೇಕಾಗತ್ತೆ" ಎಂದಳು. ಆ ಮಾತು ತನ್ನ ಬಾಯಿಂದ ಬರುತ್ತಿರುವಾಗಲೇ ಅವಳಿಗೆ ನಾಚಿಕೆಯಾಯಿತು.

"ಹೌದು, ಎಲ್ಲರನ್ನೂ ಬಿಡ್ಬೇಕಾಗತ್ತೆ" ಎಂದು ಗೊರಕೆ ಅದನ್ನೇ ತಿರುಗಿ ಹೇಳಿ, ಹುಟ್ಟನ್ನು ನೆಲಕ್ಕೆ ಊರುತ್ತಾ ಹೊರಟುಹೋದ. ಭಾನುವಾರ ಭಾನುವಾರ ಮನೆಗೆ ಬಂದು ಮಾವನ ಜೊತೆ ಇಸ್ಪೀಟು ಆಡುತ್ತಿದ್ದವನು ಆ ಭಾನುವಾರ ಬರಲಿಲ್ಲ. "ಏನಾಯ್ತೋ ಇವನಿಗೆ" ಎಂದು ಮಾವ ಎಲೆಗಳನ್ನು ಕಲಸುತ್ತಾ ಕೂತಿದ್ದರು. ಸೊಸೆ ಹೇಳಲಿಲ್ಲ.

ಅದಾಗಿ ಮೂರ್ನಾಲ್ಕು ದಿನಕ್ಕೆ, ಹೊಳೆಯ ಮೇಲೆ ದಟ್ಟ ಮಂಜು ಕವಿದಿದ್ದ ಬೆಳಗ್ಗೆ, ಮೆಟ್ಟಿಲ ಮೇಲೆ ಸೂಪರ್‌ವೈಸರು ಸ್ವೆಟರ್ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಇಬ್ಬರು ಪುರಸಭೆಯ ಆಳುಗಳು. ಸೊಸೆಯನ್ನು ಕಂಡು ಅವನು ಎದ್ದೇಳಲಿಲ್ಲ. ಪಕ್ಕದ ಮೆಟ್ಟಿಲು ತೋರಿಸಿ ಕೂರು ಎಂದ. ಅವಳು ನಿಂತೇ ಇದ್ದಳು. ಮಂಜಿನೊಳಗಿಂದ ಮೊದಲು ಹೆಂಗಸರ ಮಾತು ಕೇಳಿತು, ಆಮೇಲೆ ಹುಟ್ಟಿನ ಸದ್ದು, ಆಮೇಲೆ ದೋಣಿಯ ಮೂತಿ ಕಂಡಿತು. ದಡ ಮುಟ್ಟಿದ ಮೇಲೆಯೇ ಮಾವ ತಲೆಯೆತ್ತಿ ನೋಡಿದ್ದು.

ಹೆಂಗಸರು ಮೂಟೆ ಹೊತ್ತುಕೊಂಡು ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಹತ್ತಿಹೋದರು. ಕೆಳಗೆ ದೋಣಿಯ ತಳದಲ್ಲಿ ನೀರು, ನೀರಿನಲ್ಲಿ ನೆನೆದ ಕಿತ್ತಳೆ ಬಣ್ಣದ ಜಾಕೆಟ್ಟುಗಳು.

"ಯಾರು ಒಳಗೆ ಬಿಟ್ಟಿದ್ದು?" ಸೂಪರ್‌ವೈಸರು ಕೇಳಿದ.

ಸೊಸೆ ಮಾವನ ಮುಖವನ್ನೇ ನೋಡಿದಳು. ಬೇಲಿ ಹಾರಿ ಬಂದೆ ಎನ್ನಬಹುದಿತ್ತು. ಬೀಗ ನಾನೇ ಮುರಿದೆ ಎನ್ನಬಹುದಿತ್ತು. ಆ ವಯಸ್ಸಿನವರಿಗೆ ಯಾರು ಏನು ಮಾಡುತ್ತಿದ್ದರು? ಮಾವ ಹುಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು.

"ಗೇಟು ತೆಗೆದೇ ಇತ್ತು ಸಾರ್" ಎಂದರು.

ಸೂಪರ್‌ವೈಸರು ಸೊಸೆಯ ಕಡೆ ಕೈ ಚಾಚಿದ. ಅವಳು ಕೊರಳಿನ ದಾರ ತೆಗೆಯಲು ಹೋದಳು. ಕೂದಲಿಗೆ ಸಿಕ್ಕಿಹಾಕಿಕೊಂಡಿತು. ಬಿಡಿಸಲು ಹೊತ್ತಾಯಿತು.

ದೋಣಿಯನ್ನು ಆಳುಗಳು ದಡಕ್ಕೆಳೆದು ಸರಪಳಿ ಹಾಕಿದರು.

ಅವತ್ತು ಮನೆಯಲ್ಲಿ ಪಿಸುಮಾತು ಇರಲಿಲ್ಲ. ಬೇಕರಿಯಿಂದ ಬಂದ ಗಂಡನಿಗೆ ದಾರಿಯಲ್ಲೇ ಸುದ್ದಿ ಸಿಕ್ಕಿತ್ತು. ಬ್ರೆಡ್ಡನ್ನು ಮೂಲೆಗೆ ಎಸೆದ.

"ಅವಳು ನಿನಗೋಸ್ಕರ ತೆಗೆದಿದ್ದಲ್ವಾ ಅಪ್ಪಾ? ಒಂದು ಸುಳ್ಳು ಹೇಳೋಕೆ ಬಾಯಿ ಬರಲಿಲ್ವಾ ನಿಂಗೆ? ಇಸ್ಪೀಟಲ್ಲಿ ಅಷ್ಟು ಸುಳ್ಳು ಹೇಳ್ತೀಯ!"

"ಹೆದರಿಬಿಟ್ರು ಕಣೋ" ಎಂದರು ಅತ್ತೆ. "ವಯಸ್ಸಾದವರು. ಎದುರಿಗೆ ಮೂರು ಜನ ನಿಂತಿದ್ರೆ ಏನು ಹೊಳಿಯತ್ತೆ?"

"ಹೆದರಿಕೆ ಇದ್ದವರು ಯಾಕೆ ಹೋಗ್ಬೇಕಿತ್ತು?"

"ಬಿಡಿ" ಎಂದಳು ಸೊಸೆ. "ಅವರು ಸುಳ್ಳೇನೂ ಹೇಳಲಿಲ್ಲ. ತೆಗೆದೇ ಇತ್ತಲ್ಲ."

ಗೋಡೆಗೆ ಮುಖ ಮಾಡಿ ಕೂತಿದ್ದ ಮಾವ ಆ ಮಾತಿಗೆ ಒಮ್ಮೆ ತಿರುಗಿ ನೋಡಿದರು. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ. ಅವಳು ಬೈಯಲಿಲ್ಲ. ಮೂಲೆಯಲ್ಲಿ ಬಿದ್ದ ಬ್ರೆಡ್ಡು ಹೆಕ್ಕಿ, ದೂಳು ಕೊಡವಿ, ಹೆಚ್ಚಲು ಕೂತಳು.

ಮುಂದಿನ ತಿಂಗಳು ಬಾಡಿಗೆ ಕಟ್ಟಲು ಅತ್ತೆಯ ಕಿವಿಯೋಲೆ ಹೋಯಿತು. ಟೀಗೆ ಸಕ್ಕರೆ ನಿಂತಿತು. ಸೊಸೆ ಎರಡು ಮೂರು ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ ಕೇಳಿಬಂದಳು. ಎಲ್ಲರಿಗೂ ಅವಳ ಸುದ್ದಿ ಗೊತ್ತಿತ್ತು. ಕೆಲವರು ಮಾವನಿಗೆ ಮೋಸ ಮಾಡಿದ ಸೊಸೆ ಎಂದರು, ಕೆಲವರು ಮಾವನಿಗೋಸ್ಕರ ಮೋಸ ಮಾಡಿದ ಸೊಸೆ ಎಂದರು. ಎರಡರಲ್ಲಿ ಯಾವುದಾದರೇನು, ಕೆಲಸವಂತೂ ಸಿಗಲಿಲ್ಲ.

ಆಗ ಪುರಸಭೆಯಿಂದ ಮಾವನಿಗೆ ಕರೆ ಬಂತು. ದಂಡ ಕಟ್ಟಿಸಿಕೊಳ್ಳಲು ಕರೆಯುತ್ತಿದ್ದಾರೆಂದು ಎಲ್ಲರೂ ಅಂದುಕೊಂಡರು. ಹೋದವರು ಬಂದು, ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತರು. ಅರ್ಧ ಊಟವಾದ ಮೇಲೆ ಹೇಳಿದರು.

"ದೋಣಿ ಬಿಟ್ಟುಕೊಟ್ರೆ ದಂಡ ಇಲ್ವಂತೆ. ಹಳೇ ದೋಣಿ ಒಪ್ಪಿಸಿದವರಿಗೆ ಕಡವಲ್ಲೇ ಏನಾದ್ರೂ ಕೆಲಸ ಕೊಡ್ತಾರಂತೆ."

"ಏನ್ ಕೆಲಸ?" ಗಂಡ ಕೇಳಿದ.

ಮಾವ ಅನ್ನ ಕಲಸುತ್ತಲೇ ಇದ್ದರು. "ಗೇಟಿಂದು."

ಅತ್ತೆಯ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು.

"ಅವಳ ಕೆಲಸ?" ಎಂದ ಗಂಡ.

"ಅವಳದ್ದು ಹೋಗಿದೆಯಲ್ಲಪ್ಪ. ಖಾಲಿ ಇರೋದನ್ನ ತಾನೆ ಕೊಡೋದು. ಸಂಬಳ ಸ್ವಲ್ಪ ಕಮ್ಮಿ. ವಯಸ್ಸಾದವನು ಅಂತ."

ಗಂಡ ಮನಸ್ಸಿನಲ್ಲೇ ಬಾಡಿಗೆ ಲೆಕ್ಕ ಹಾಕುತ್ತಿರುವುದು ಸೊಸೆಗೆ ಅವನ ತುಟಿಯಲ್ಲೇ ಕಂಡಿತು. ಕೊನೆಗೆ ಅವನು ಅವಳನ್ನು ನೋಡದೆ, "ಬೇಡ ಅನ್ನೋಕೆ ಏನಿದೆ ಈಗ" ಎಂದ.

"ಬೇರೆಯವರ ಪಾಲಾಗೋದಕ್ಕಿಂತ ಮನೆಯವರಿಗೇ ಬಂತಲ್ಲ" ಎಂದರು ಅತ್ತೆ, ಸೊಸೆಯ ಬೆನ್ನ ಮೇಲೆ ಕೈಯಿಟ್ಟು.

ಮಾವ ಕೇಳಿದರು, "ನೀನೇನಂತೀಯಮ್ಮ?"

ಬೇಡ ಎಂದು ಅವರೇ ಹೇಳುತ್ತಾರೆಂದು ಅವಳು ಕಾದಿದ್ದಳು. ತಾನು ನೀರಿನ ಮನುಷ್ಯ, ಸೀಟಿ ಊದಿ ಬದುಕಲಾರೆ ಎಂದು ತಟ್ಟೆ ಸರಿಸಿ ಎದ್ದುಹೋಗುತ್ತಾರೆಂದು ಕಾದಿದ್ದಳು. ಅವರು ತಟ್ಟೆಯನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡರು.

"ಹೋಗಿ ಮಾವ" ಎಂದಳು. "ಮೆಟ್ಟಿಲು ಗುಡಿಸುವಾಗ ಕೆಳಗಿನ ಎರಡು ಮೆಟ್ಟಿಲ ಮೇಲೆ ಹುಷಾರು. ಪಾಚಿ ಇದೆ, ಜಾರತ್ತೆ."

ದೋಣಿಯನ್ನು ಒಡೆದ ದಿನ ಅವಳು ರೇಷನ್ ತರಲು ಹೋದವಳು ಬೇಲಿಯ ಹೊರಗಿನಿಂದ ನೋಡಿದಳು. ಜೆಸಿಬಿ ಮಷೀನೊಂದು ಬಂದು ಎರಡು ಸಲ ತುಳಿಯಿತು, ಅಷ್ಟೇ. ಹಲಗೆಗಳು ಸದ್ದೂ ಮಾಡದೆ ಕುಸಿದವು. ಮಾವ ಖಾಕಿ ಅಂಗಿಯಲ್ಲಿ ನಿಂತು, ಹತ್ತಿರ ಬಂದ ಜನರನ್ನು "ಹಿಂದೆ ಸರೀರಿ, ಹಿಂದೆ ಸರೀರಿ" ಎಂದು ಸರಿಸುತ್ತಿದ್ದರು.

ಅವರು ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಏಳಕ್ಕೆ ಮೊದಲು ಬೀಗ ಮುಟ್ಟುತ್ತಿರಲಿಲ್ಲ, ಆರಾದ ಮೇಲೆ ಯಾರ ಗೋಗರೆತವನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಜಾಕೆಟ್ಟಿನ ಗುಂಡಿ ಹಾಕದವರನ್ನು ಕೆಳಗಿಳಿಸುತ್ತಿದ್ದರು. ಹಳೆಯ ದೋಣಿಗಾರರು ಅವರ ಜೊತೆ ಮಾತು ಬಿಟ್ಟರು. ಸಂಜೆ ಮನೆಗೆ ಬಂದು ಅವರು ಅತ್ತೆಯ ಜೊತೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಕಾಲು ನೀಡಿ ಕೂತು, ಇಸ್ಪೀಟಿನ ಕಟ್ಟನ್ನು ಕೈಯಲ್ಲಿ ತಿರುಗಿಸುತ್ತಾ ಇದ್ದುಬಿಡುತ್ತಿದ್ದರು.

ಗೊರಕೆ ಒಂದು ದಿನ ಅಂಗಡಿಯ ಬಳಿ ಸೊಸೆಯನ್ನು ಕಂಡು ನಿಂತ.

"ದೂರು ಕೊಟ್ಟಿದ್ದು ನಾನೇ ತಾಯಿ. ನಿನ್ನ ಕೆಲಸ ಹೋಗತ್ತೆ ಅಂದ್ಕೊಂಡಿರ್ಲಿಲ್ಲ. ಎಲ್ಲರಿಗೂ ಬೇಗ ತೆಗೀತಾರೆ ಅಂದ್ಕೊಂಡೆ."

"ನೀವು ಹೇಳಿದ್ದು ಸರೀನೇ ಇತ್ತು ಮಾಮ."

"ಸರಿಯಿದ್ದು ಏನು ಬಂತು?" ಎಂದ ಅವನು. ಹೊರಟವನು ತಿರುಗಿ, "ಆಚೆ ದಡದಲ್ಲಿ ತರಕಾರಿ ಪ್ಯಾಕ್ ಮಾಡೋ ಶೆಡ್ಡು ಹಾಕಿದಾರೆ. ಹೆಂಗಸರನ್ನ ತಗೋತಿದಾರೆ. ಏಳಕ್ಕೆ ಬಾಗಿಲಲ್ಲಿದ್ದವರಿಗೆ ಅವತ್ತಿನ ಕೂಲಿ. ಬಾ, ನಾನು ದಾಟಿಸ್ತೀನಿ. ದುಡ್ಡೇನೂ ಬೇಡ" ಎಂದ.

"ಏಳಕ್ಕೆ ತಾನೆ ಇಲ್ಲಿ ಗೇಟು ತೆಗೆಯೋದು."

"ನಿಮ್ಮ ಮಾವನೇ ಇದಾನಲ್ಲ. ಒಂದು ಅರ್ಧ ಗಂಟೆ ಮುಂಚೆ ತೆಗೆಯಕ್ಕಾಗಲ್ವಾ? ಸೊಸೆಗೋಸ್ಕರ?"

ಅವಳು ಅದನ್ನು ಮನೆಯಲ್ಲಿ ಹೇಳಲಿಲ್ಲ. ಮಾರನೆಯ ಬೆಳಗ್ಗೆ ಬೇಗ ಎದ್ದು, ಬುತ್ತಿ ಕಟ್ಟಿಕೊಂಡು, ಮಾವ ಹೊರಟ ಸ್ವಲ್ಪ ಹೊತ್ತಿಗೆ ತಾನೂ ಹೊರಟಳು. ಕಡವಿಗೆ ಹೋಗುವಷ್ಟರಲ್ಲಿ ಮಾವ ಬೇಲಿಯ ಒಳಗೆ ಮೆಟ್ಟಿಲು ಗುಡಿಸುತ್ತಿದ್ದರು. ಗೊರಕೆ ಹೊರಗೆ ಹುಟ್ಟು ಹಿಡಿದು ನಿಂತಿದ್ದ. ಗೆಳೆಯರಿಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನೋಡುತ್ತಿದ್ದರು.

ಸೊಸೆ ಗೇಟಿನ ಸರಳು ಹಿಡಿದಳು.

"ಮಾವ."

ಅವರು ಪೊರಕೆ ಊರಿಕೊಂಡು ಬಂದರು. ಅವಳ ಕೈಯ ಬುತ್ತಿ ನೋಡಿದರು, ಗೊರಕೆಯನ್ನು ನೋಡಿದರು. ಕೇಳದೆಯೇ ಅವರಿಗೆ ಅರ್ಥವಾಯಿತು.

"ಆಚೆ ಶೆಡ್ಡಲ್ಲಿ ಕೆಲಸ ಇದೆಯಂತೆ" ಎಂದಳು. "ಏಳಕ್ಕೆ ಅಲ್ಲಿರ್ಬೇಕು."

"ಏಳಕ್ಕೆ ತೆಗೀತೀನಮ್ಮ."

"ಅಷ್ಟೊತ್ತಿಗೆ ಅಲ್ಲಿ ಬಾಗಿಲು ಹಾಕಿರ್ತಾರೆ ಮಾವ."

ಮಾವ ಹೊಳೆಯ ಕಡೆ ತಿರುಗಿದರು. ಆಚೆ ದಡದಲ್ಲಿ ಶೆಡ್ಡಿನ ದೀಪಗಳು ಕಾಣುತ್ತಿದ್ದವು. ಅವರ ಕೈ ಕೊರಳಿನ ದಾರಕ್ಕೆ ಹೋಯಿತು. ಬೀಗದ ಕೈಯನ್ನು ಹಿಡಿದುಕೊಂಡೇ ನಿಂತರು. ಒಂದು ಗಳಿಗೆ ಅವಳಿಗೆ ಅವರು ತೆಗೆದೇಬಿಡುತ್ತಾರೆ ಅನ್ನಿಸಿತು. ಗೊರಕೆಗೂ ಹಾಗೇ ಅನ್ನಿಸಿರಬೇಕು. ಅವನು ದೋಣಿಯ ಹಗ್ಗ ಬಿಚ್ಚತೊಡಗಿದ.

"ಆಗಲ್ಲಮ್ಮ" ಎಂದರು ಮಾವ.

"ನಾನು ತೆಗೆದೆ ಮಾವ" ಎಂದಳು ಅವಳು. ಅಷ್ಟು ಹೇಳಿದ್ದೂ ತಡೆಯಲಾರದೆ.

"ಅದಕ್ಕೇ ಆಗಲ್ಲ ಅಂತಿರೋದು." ಅವರು ಬೀಗದ ಕೈಯನ್ನು ಅಂಗಿಯೊಳಗೆ ಬಿಟ್ಟುಕೊಂಡರು. "ನೀನು ತೆಗೆದು ಏನಾಯ್ತು ನೋಡಿದ್ಯಲ್ಲ. ನಂದೂ ಹೋದ್ರೆ ಎಲ್ಲರೂ ಎಲ್ಲಿಗೆ ಹೋಗೋಣ? ನಿಮ್ಮತ್ತೆ ಕಿವಿಯಲ್ಲಿ ಈಗ ಏನೂ ಉಳಿದಿಲ್ಲ." ಆಮೇಲೆ ಅವಳಿಗೆ ಮಾತ್ರ ಕೇಳುವ ಹಾಗೆ, "ನನ್ನ ಬೈಯಮ್ಮ. ಅವತ್ತೇ ಬೈಬೇಕಿತ್ತು ನೀನು" ಎಂದರು.

ಅವಳು ಬೈಯಲಿಲ್ಲ. ಬೈಯಬೇಕೆಂದು ಒಳಗೆ ಹುಡುಕಿದರೆ ಅಲ್ಲಿ ಏನೂ ಸಿಗಲಿಲ್ಲ.

ಗೊರಕೆ ಹಗ್ಗವನ್ನು ಮತ್ತೆ ಕಟ್ಟಿ, ನೆಲದ ಮೇಲೆ ಕೂತು, ಬೇರೆಲ್ಲೋ ನೋಡುತ್ತಾ ಬೀಡಿ ಹಚ್ಚಿದ. ಏಳಕ್ಕೆ ಮಾವ ಗೇಟು ತೆಗೆದರು. ಅವಳು ದೋಣಿ ಹತ್ತಿದಳು. ಅವಳ ಜಾಕೆಟ್ಟಿನ ಗುಂಡಿಗಳನ್ನು ಮಾವನೇ ಬಗ್ಗಿ ಒಂದೊಂದಾಗಿ ಹಾಕಿದರು. ಆಚೆ ದಡ ಸೇರಿ ಶೆಡ್ಡಿಗೆ ಓಡಿದಾಗ ಒಳಗಿನಿಂದ ಹೆಂಗಸೊಬ್ಬಳು ಕಿಟಕಿ ತೆರೆದು, "ಇವತ್ತಿಗೆ ತುಂಬಿತು. ನಾಳೆ ಬೇಗ ಬಾ" ಎಂದಳು.

ಮಾರನೆಯ ದಿನವೂ ಹೋದಳು. ಅದರ ಮಾರನೆಯ ದಿನವೂ. ಸೇತುವೆ ದಾರಿಯಲ್ಲಿ ಬಸ್ಸಿಗೆ ಹೋಗಿಬಂದರೆ ಕೂಲಿಯ ಮುಕ್ಕಾಲು ಬಸ್ಸಿಗೇ ಹೋಗುತ್ತಿತ್ತು. ವಾರದ ಕೊನೆಯಲ್ಲಿ ಕಿಟಕಿಯ ಹೆಂಗಸು ಅವಳನ್ನು ಕಂಡರೆ ಕಿಟಕಿ ತೆರೆಯುವುದನ್ನೂ ಬಿಟ್ಟಳು.

ಅದರ ಮುಂದಿನ ದಿನ ಮಾವ ನಸುಕಿನಲ್ಲೇ ಎದ್ದು ಹೋದರು. ಬೇಕರಿಯಿಂದ ಗಂಡ ಇನ್ನೂ ಬಂದಿರಲಿಲ್ಲ. ಅತ್ತೆ ಟೀ ಮಾಡಿಕೊಂಡು ಬಂದು ನೋಡಿದರೆ ಸೊಸೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕಣ್ಣುಗಳು ತೆರೆದೇ ಇದ್ದವು.

"ಏಳೇ, ಏಳಾಗ್ತಾ ಬಂತು" ಎಂದರು ಅತ್ತೆ.

ಅವಳು ಅಲುಗಲಿಲ್ಲ.

"ಮೈ ಸರಿಯಿಲ್ವಾ? ಏಳಮ್ಮ, ಟೀ ಆರತ್ತೆ."

"ಎದ್ದು ಏನ್ ಮಾಡ್ಲಿ ಅತ್ತೆ?"

ಅತ್ತೆ ಅಡುಗೆಮನೆಯ ಕಡೆ ನೋಡಿದರು. ಪಾತ್ರೆಗಳಿದ್ದವು, ಬಟ್ಟೆಗಳಿದ್ದವು, ಮಧ್ಯಾಹ್ನದ ಅಡುಗೆಯಿತ್ತು. ಲೋಟವನ್ನು ನೆಲದ ಮೇಲಿಟ್ಟು, ಊದಿದ ಬೆರಳುಗಳನ್ನು ಮಡಿಲಲ್ಲಿ ಮಡಚಿಕೊಂಡು, ಅವಳ ಕಾಲ ಬಳಿ ಕೂತರು. ಬೀದಿಯಲ್ಲಿ ಯಾರೋ ಬಾಗಿಲು ತೆಗೆದರು, ಯಾರೋ ನೀರು ಚೆಲ್ಲಿದರು. ಇಬ್ಬರೂ ಹಾಗೇ ಇದ್ದರು, ಏಳು ಕಳೆದು ಬಹಳ ಹೊತ್ತಾಗುವವರೆಗೆ.